ನೀರಿನ ಟ್ಯಾಂಕಿನ ಹಿಂದಿನ ಮನೆ

ಕುವೈತಿನಲ್ಲಿ ಪ್ರತಿ ಕಟ್ಟಡದ ಬಾಗಿಲ ಪಕ್ಕದಲ್ಲೂ ಅಂಗೈಯಗಲದ ಒಂದು ಫಲಕವಿರುತ್ತದೆ. ಬ್ಲಾಕ್, ರಸ್ತೆ, ಕಟ್ಟಡದ ಸಂಖ್ಯೆ ಎಲ್ಲವೂ ಅದರಲ್ಲಿದೆ. ನಮ್ಮ ಜನ ಅದನ್ನು ಓದುವುದಿಲ್ಲ. ನಮ್ಮ ವಿಳಾಸಗಳು ದೊಡ್ಡ ವಸ್ತುಗಳ ಆಸರೆಯಲ್ಲಿ ನಿಂತಿರುತ್ತವೆ: ಮಸೀದಿಯ ಎದುರು, ಬೇಕರಿಯ ಮೇಲೆ, ಟೆಲಿಫೋನ್ ಎಕ್ಸ್‌ಚೇಂಜಿನ ಪಕ್ಕ. ಆ ಎಕ್ಸ್‌ಚೇಂಜನ್ನು ಕೆಡವಿ ಎಷ್ಟೋ ಕಾಲವಾಯಿತು; ಅದರ ಪಕ್ಕದಲ್ಲಿ ಈಗಲೂ ನಾಲ್ಕು ಸಂಸಾರಗಳು ವಾಸವಾಗಿವೆ.

ನಮ್ಮ ಕಟ್ಟಡಕ್ಕೆ ಒದಗಿದ ಆಸರೆ ನೀರಿನ ಗೋಪುರಗಳು. ನೀಲಿ ಬಿಳಿ ಪಟ್ಟೆಯ, ಅಣಬೆಯಾಕಾರದ, ಆಕಾಶಕ್ಕೆ ತಲೆಯೊಡ್ಡಿದ ಒಂಬತ್ತು ಗೋಪುರಗಳು. ನಮ್ಮ ಬಾಯಲ್ಲಿ ಅವು ಬರೀ ಟ್ಯಾಂಕು. ಇಪ್ಪತ್ತೆರಡು ವರ್ಷ ಇಲ್ಲಿದ್ದು ದಾರಿ ಹೇಳುವುದರಲ್ಲಿ ನಾನು ಪ್ರವೀಣನೆಂದು ಹೆಸರಾಗಿದ್ದೆ. ಹೆಸರು ಮಾಡಿಕೊಂಡಿದ್ದವನೂ ನಾನೇ. ಪಕ್ಕದ ಮನೆಯ ಫೆಲಿಕ್ಸರು, ಉಡುಪಿಯ ಕಡೆಯವರು, ನಗುತ್ತಿದ್ದರು: "ನಿಮ್ಮತ್ರ ದಾರಿ ಕೇಳಿದ್ರೆ ಊರಿನ ಚರಿತ್ರೆಯೇ ಬರ್ತದೆ ಮಾರಾಯ್ರೆ."

ನಮ್ಮ ಆಫೀಸಿನಲ್ಲಿ ಪಾರ್ಕ್ ಎಂಬ ಕೊರಿಯಾದ ಇಂಜಿನಿಯರ್ ಇದ್ದಾರೆ. ಅವರ ಊರು ಒಂದು ಸಣ್ಣ ಬಂದರು. ಅದರ ಸೇತುವೆ, ದೀಪಸ್ತಂಭ, ಮೀನಿನ ಶೀತಲಗೃಹಗಳ ಬಗ್ಗೆ ಅವರು ಗಂಟೆಗಟ್ಟಲೆ ಹೇಳಬಲ್ಲರು. ಅಲ್ಲಿಯೂ ಜನ ಸೇತುವೆ ತೋರಿಸಿಯೇ ದಾರಿ ಹೇಳುತ್ತಾರಂತೆ. ಆದರೆ ಕುವೈತಿಗೆ ಬಂದ ಮೊದಲ ವಾರವೇ ಅವರು ಬಾಗಿಲ ಫಲಕದ ಸಂಖ್ಯೆಯನ್ನು ಬರೆದು ಪರ್ಸಿನಲ್ಲಿಟ್ಟುಕೊಂಡರು. ಮನೆ ಮರೆಯುವವರಂತೆ ಕಾಣುತ್ತೀರಲ್ಲ ಎಂದು ನಾವು ಹಾಸ್ಯ ಮಾಡಿದ್ದೆವು.

ಒಂದು ಶುಕ್ರವಾರ ಹನ್ನೊಂದೂ ನಲವತ್ತಕ್ಕೆ ಫೆಲಿಕ್ಸರ ಹೆಂಡತಿ ಜೂಲಿಯಾನಾ ಫೋನ್ ಮಾಡಿದರು. ಅವರು ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸು, ಡ್ಯೂಟಿಯಲ್ಲಿದ್ದರು. ಗಂಡನ ದನಿ ಸರಿಯಿಲ್ಲ, ಒಮ್ಮೆ ನೋಡಿ ಎಂದರು. ಫೆಲಿಕ್ಸರು ಬಾಗಿಲು ತೆರೆದು ಅಲ್ಲೇ ಗೋಡೆಗೊರಗಿ ಕುಳಿತರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದಿದ್ದರು.

ನಾನು ಆಂಬುಲೆನ್ಸಿಗೆ ಕರೆ ಮಾಡಿದೆ. ಬಡಾವಣೆಯ ಹೆಸರು ಹೇಳಿ, ನೀರಿನ ಟ್ಯಾಂಕಿನ ಹಿಂದೆ ಎಂದೆ. ಆ ಕಡೆಯವರು ತಾಳ್ಮೆಯಿಂದ ಬ್ಲಾಕ್ ಕೇಳಿದರು, ರಸ್ತೆ ಕೇಳಿದರು, ಕಟ್ಟಡದ ಸಂಖ್ಯೆ ಕೇಳಿದರು. ಟ್ಯಾಂಕು ಎಲ್ಲರಿಗೂ ಕಾಣುತ್ತದೆ, ನೀವು ಬನ್ನಿ, ಎಂದು ನಾನೇ ಅವಸರಪಡಿಸಿದೆ. ಮೂರು ಮಹಡಿ ಇಳಿದು ಫಲಕ ಓದಬಹುದಿತ್ತು. ಅದು ಹೊಳೆಯಲಿಲ್ಲ.

ಗೋಪುರಗಳ ಆವರಣ ದೊಡ್ಡದು, ಸುತ್ತ ಬೇಲಿ, ನಾಲ್ಕೂ ಕಡೆ ರಸ್ತೆ, ನಾಲ್ಕೂ ಕಡೆ ಮನೆಗಳು. ಹಿಂದೆ ಎಂಬುದು ನಾವು ನಿಂತ ಕಡೆಯಿಂದ ಮಾತ್ರ ಹಿಂದೆ. ಸೈರನ್ ಬೇಗನೆ ಕೇಳಿಸಿತು, ಬೇಲಿಯ ಆಚೆಯಿಂದ. ಹತ್ತಿರವಾಯಿತು, ದೂರವಾಯಿತು. ಮತ್ತೆ ಹತ್ತಿರವಾದಾಗ ನಾನು ಬರಿಗಾಲಲ್ಲಿ ಬೀದಿಗೆ ಓಡಿ, ಮೂಲೆಯಲ್ಲಿ ಕೈಬೀಸಿ ಅವರನ್ನು ಕರೆತಂದೆ. ಅವರು ಮೇಲೆ ಬಂದಾಗ ಫೆಲಿಕ್ಸರ ಉಸಿರು ನಿಂತಿತ್ತು. ಆಂಬುಲೆನ್ಸಿನ ಹುಡುಗರು ತಮ್ಮಿಂದಾದುದನ್ನೆಲ್ಲ ಮಾಡಿದರು.

ಶವ ಊರಿಗೆ ಹೋಗುವ ಮುನ್ನ ನಾಲ್ಕು ದಿನ ಮನೆಗೆ ಜನ ಬಂದರು. ಆಂಬುಲೆನ್ಸ್ ಕರೆಸಿದವರು ಇವರೇ ಎಂದು ಜೂಲಿಯಾನಾ ಬಂದವರಿಗೆಲ್ಲ ನನ್ನನ್ನು ತೋರಿಸಿದರು. ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು. ನಾಲ್ಕನೆಯ ದಿನ ಅದನ್ನು ಸಹಿಸಲಾರದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಜೂಲಿಯಾನಾ ಅವರಿಗೆ ಆದದ್ದನ್ನು ಆದಂತೆ ಹೇಳಿದೆ.

ಅವರು ಪಾತ್ರೆ ಒರೆಸುವುದನ್ನು ನಿಲ್ಲಿಸಿದರು.

"ಎಷ್ಟು ನಿಮಿಷ ಹೋಯಿತು ಅಣ್ಣ?"

"ಹನ್ನೆರಡು."

ಹನ್ನೆರಡು ನಿಮಿಷವೆಂದರೇನು ಎಂಬುದನ್ನು ನರ್ಸಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟರು.

"ನನಗೂ ನಂಬರ್ ಗೊತ್ತಿಲ್ಲ," ಎಂದರು ಆಮೇಲೆ. "ಹಾಸ್ಪಿಟಲಿನ ಫಾರಮಿನಲ್ಲಿ ನಾನೂ ಟ್ಯಾಂಕ್ ಅಂತಲೇ ಬರೆದದ್ದು."

ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

"ಇವರು ಕಡೆಗೆ ಏನಾದರೂ ಹೇಳಿದರಾ?"

ಹೇಳಿದ್ದರು. ಸೈರನ್ ಮೊದಲ ಸಲ ಹತ್ತಿರವಾದಾಗ ಕಣ್ಣು ತೆರೆದು, "ಬಂದರಲ್ಲ, ಇನ್ನು ತೊಂದರೆ ಇಲ್ಲ," ಎಂದಿದ್ದರು. ಅಷ್ಟನ್ನು ಜೂಲಿಯಾನಾ ಅವರಿಗೆ ತಿಳಿಸಿದೆ. ಸದ್ದು ದೂರವಾಗುತ್ತ ಹೋದಾಗ ಫೆಲಿಕ್ಸರು ನನ್ನ ಮುಖ ನೋಡಿದ್ದನ್ನು ತಿಳಿಸಲಿಲ್ಲ.