ದೊಡ್ಡಮ್ಮ ನಂಬಿದ್ದು ನನ್ನ ದನಿಯನ್ನು

ತಮಿಳುನಾಡಿನ ಅವಿನಾಶಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಇರುವ ದೊಡ್ಡಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮಿಳಿನಲ್ಲಿ ಏನೇ ಬರಲಿ, ಮದುವೆಯ ಕರೆಯೋಲೆ, ರೇಷನ್ ಅಂಗಡಿಯ ಸುದ್ದಿ, ಕರೆಂಟು ಹೋಗುವ ಹೊತ್ತು, ಅದನ್ನು ನಮ್ಮ ಮನೆಯ ಕನ್ನಡದಲ್ಲಿ ಹೇಳಿ, ರೆಕಾರ್ಡ್ ಮಾಡಿ, ಅವರಿಗೂ ಅವರಂಥ ನಾಲ್ಕಾರು ಹೆಂಗಸರಿಗೂ ವಾಟ್ಸಾಪಿನಲ್ಲಿ ಕಳಿಸುವುದು ನನ್ನ ಕೆಲಸ. ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವಾಗ ಬಸ್ಸಿನಲ್ಲೇ ಮುಗಿಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ತಿಳಿದವಳೆಂಬ ಜಂಬವೂ ಇತ್ತು.

ಒಂದು ಬೆಳಿಗ್ಗೆ, ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿ ತಿನ್ನುತ್ತದೆ, ಅದನ್ನು ಬಿಟ್ಟು ಕಷಾಯ ಕುಡಿಯಿರಿ ಎಂಬ ಸಂದೇಶ ಬಂತು. ಬರೆದವರು ಯಾರೆಂದು ನೋಡಲಿಲ್ಲ. ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡೇ ಅದನ್ನೂ ಹೇಳಿ ಕಳಿಸಿಬಿಟ್ಟೆ.

ವಾರದೊಳಗೆ ಪೊಳ್ಳಾಚಿಯ ನೆಂಟರೊಬ್ಬರಿಂದ ನನ್ನದೇ ದನಿ ನನ್ನ ಫೋನಿಗೆ ವಾಪಸು ಬಂತು. ನನ್ನ ಬುದ್ಧಿ ನೋಡಿ, ಅಷ್ಟು ದೂರ ಮುಟ್ಟಿದೆಯಲ್ಲ ಎಂದು ಖುಷಿಪಟ್ಟೆ. ನಮ್ಮವರಿಗೆ ತಮಿಳು ಬೀದಿಯದು, ಕಚೇರಿಯದು. ಅದರಲ್ಲಿ ಬಂದದ್ದನ್ನು ಹತ್ತು ಸಲ ವಿಚಾರಿಸುತ್ತಾರೆ. ಮನೆಮಾತಿನಲ್ಲಿ, ಮನೆಯ ಹುಡುಗಿಯ ದನಿಯಲ್ಲಿ ಬಂದದ್ದನ್ನು ಅನುಮಾನಿಸುವ ಅಭ್ಯಾಸವೇ ನಮಗಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ.

ಎರಡು ತಿಂಗಳಲ್ಲಿ ಸಕ್ಕರೆ ಏರಿ ದೊಡ್ಡಮ್ಮನ ಕಾಲಿನ ಹುಣ್ಣು ಕೊಳೆತು, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಒಂದು ಬೆರಳು ತೆಗೆದರು. ಮಾತ್ರೆ ಏಕೆ ಬಿಟ್ಟಿರಿ ಎಂದು ಡಾಕ್ಟರು ಗದರಿದಾಗ ದೊಡ್ಡಮ್ಮ ನನ್ನತ್ತ ಕೈ ತೋರಿಸಿ, ನಮ್ಮ ಹುಡುಗಿಯೇ ಹೇಳಿದಳು ಎಂದು ತಮಿಳಿನಲ್ಲಿ ಹೇಳಿದರು. ಆ ಮಾತಿನಲ್ಲಿ ಹೆಮ್ಮೆಯೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮನೆಗೆ ಬಂದ ಮೇಲೆ ಪಕ್ಕದಲ್ಲಿ ಕೂತು ಒಪ್ಪಿಕೊಂಡೆ. ಅದು ಸುಳ್ಳು ಸುದ್ದಿ, ನೋಡದೆ ಕಳಿಸಿದೆ, ತಪ್ಪಾಯಿತು, ಮಾತ್ರೆ ಬಿಡಬೇಡಿ ಎಂದೆ.

"ಅವತ್ತೂ ನೀನೇ ತಾನೇ ಹೇಳ್ದೆ, ಅಮ್ಮಿಣಿ? ಇವತ್ತೂ ನೀನೇ ಹೇಳ್ತೀಯೆ. ನಾನು ಯಾವ್ದನ್ನ ನಂಬ್ಲಿ?"

ಅಮ್ಮಿಣಿ ಎಂದು ಮುದ್ದಿನಿಂದಲೇ ಕರೆದರು, ಕೋಪದಿಂದ ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ಉತ್ತರ ಬೇಕಿತ್ತು.

ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಓದಿ ಹೇಳಲು ಕೈ ಚಾಚಿದೆ. ದೊಡ್ಡಮ್ಮ ಅದನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು. ಬ್ಯಾಂಡೇಜು ಸುತ್ತಿದ ಕಾಲನ್ನು ಎಳೆದುಕೊಂಡು ಬೀದಿಯ ಕೊನೆಯ ಮೆಡಿಕಲ್ ಅಂಗಡಿಗೆ ಹೋಗಿ, ಅಲ್ಲಿ ಓದಿಸಿಕೊಂಡು ಬಂದರು.