ಬೀಫಾತಿಮ್ಮರ ಅಲಿಕತ್ತು

ತೀರಿಹೋದ ಗಂಡನ ಬೊಜ್ಜದ ಕ್ರಿಯೆ ಮುಗಿದ ಮರುದಿನ ಕುಶಲಾ ಒಂದು ಫೈಲು ಅಡಗಿಸಿಟ್ಟಳು.

ಗಂಡನ ಜೂನಿಯರ್ ವಕೀಲ ಗೌರವ್ ದೇರೆಬೈಲಿನ ಮನೆಗೆ ಬಂದು ಕೇಸಿನ ಕಟ್ಟುಗಳನ್ನೆಲ್ಲ ಆಫೀಸಿಗೆ ಸಾಗಿಸಿದ್ದ. ಒಂದು ಕಡಿಮೆ ಉಂಟು ಆಂಟಿ ಎಂದ. ಗೊತ್ತಿಲ್ಲ ಎಂದಳು. ಅದು ಅಕ್ಕಿ ಡಬ್ಬದ ಹಿಂದೆ ಇತ್ತು. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಸಿಕ್ಕಿದರು’ ಎಂದಿತ್ತು. ಗಂಡ ಚಿತ್ತರಂಜನ ಬರೆದ ಕೊನೆಯ ಅಕ್ಷರ.

ಮೂವತ್ತೆಂಟು ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ಯಾರೂ ಕೇಳದೆ ಬಿದ್ದ ಸೊತ್ತಿಗೆ ವಾರಸುದಾರರನ್ನು ಹುಡುಕುವುದು. ಸಿಕ್ಕಿದರೆ ಕಾಗದ ಅಂಚೆಗೆ ಹಾಕುತ್ತಿರಲಿಲ್ಲ. ವಕೀಲರ ಲಕೋಟೆ ಕಂಡರೆ ಜನ ಹೆದರುತ್ತಾರೆಂದು ಅರ್ಧ ಕಿಲೋ ಹಲ್ವ ಹಿಡಿದು ತಾವೇ ಬಸ್ಸು ಹತ್ತುತ್ತಿದ್ದರು. ಫೈಲನ್ನು ರಟ್ಟು ಸಮೇತ ಕೊಡುತ್ತಿದ್ದರು. ಆ ಮನೆಯಲ್ಲಿ ತಿಂದು ಬಂದು ಊಟ ಬೇಡ ಎನ್ನುತ್ತಿದ್ದರು. ಅನ್ನ ಉಳಿಯುತ್ತಿತ್ತು. ಕುಶಲಾ ಬೈಯುತ್ತಿದ್ದಳು.

ಈ ಫೈಲು ಬೀಫಾತಿಮ್ಮ ಎಂಬವರದ್ದು. ಲಾಕರಿನಲ್ಲಿ ಅಲಿಕತ್ತು ಇಟ್ಟು, ಯಾರಿಗೂ ಹೇಳದೆ ತೀರಿಹೋಗಿದ್ದರು. ಹಳೆಯ ಬ್ಯಾರಿ ಹೆಂಗಸರು ಕಿವಿಯಲ್ಲಿ ಸಾಲಾಗಿ ಹಾಕುವ ಚಿನ್ನ. ಬ್ಯಾಂಕಿನವರು ಗಂಡನ ಮನೆಗೆ ನೋಟಿಸು ಕಳಿಸಿ ಕಳಿಸಿ ಸೋತರು. ಎಲ್ಲ ಹಿಂದೆ ಬಂತು.

ಚಿತ್ತರಂಜನ ನಕ್ಕು ಗೌರವ್‌ಗೆ ಹೇಳಿದರಂತೆ. “ಆ ಕಾಲದಲ್ಲಿ ಇವರ ಹೆಂಗಸರು ಗಂಡನ ಮನೆಗೆ ಎಲ್ಲಿ ಹೋಗ್ತಿದ್ರು ಮಾರಾಯ? ಗಂಡನೇ ಹೆಂಡತಿ ಮನೆಗೆ ಬರ್ತಿದ್ದದ್ದು. ತಾಯಿ ಮನೆ ಯಾವುದು ಕೇಳು.”

ಹಾಗೆ ಪಂಪ್‌ವೆಲ್ ಹತ್ತಿರ ಒಬ್ಬಳೇ ಮಗಳು ರಮ್ಲಾ ಸಿಕ್ಕಿದಳು. ಲಾಕರು ತೆರೆಯಲು ಕೋರ್ಟಿನ ಆದೇಶವೂ ಆಯಿತು. ಶುಕ್ರವಾರ ಫೈಲು ತಂದುಕೊಡುತ್ತೇನೆ ಎಂದಿದ್ದರು. ಬುಧವಾರ ಅತ್ತಾವರದ ಆಸ್ಪತ್ರೆಯಲ್ಲಿ ತೀರಿಹೋದರು.

ಕುಶಲಾ ದಿನಾ ಫೈಲು ತೆಗೆದು ಆ ಅಕ್ಷರದ ಮೇಲೆ ಬೆರಳಾಡಿಸಿ ಮತ್ತೆ ಇಡುತ್ತಿದ್ದಳು. ಒಂದು ದಿನ ಗಂಡನ ಮೊಬೈಲು ಹೊಡೆದುಕೊಂಡಿತು. ಹೆಂಗಸಿನ ಸ್ವರ.

“ವಕೀಲರೇ, ಎಷ್ಟೋ ಶುಕ್ರವಾರ ಹೋಯ್ತು. ಹದಿನೈದಕ್ಕೆ ನನ್ನ ಮಗಳು ಸಫಾಳ ನಿಕಾಹ್. ಅಜ್ಜಿಯದ್ದು ಅವಳ ಕಿವಿಗೆ ಹಾಕ್ಬೇಕಂತ ಉಂಟು.”

ಕುಶಲಾ ಫೋನು ಇಟ್ಟಳು. ಇಷ್ಟು ವರ್ಷ ಸೊತ್ತಿತ್ತು, ಜನ ಇರಲಿಲ್ಲ. ಈಗ ಜನ ಇದ್ದೂ ಸೊತ್ತಿನ ಕಾಗದ ಅಕ್ಕಿ ಡಬ್ಬದ ಹಿಂದೆ ಬಿದ್ದಿತ್ತು. ಇಟ್ಟದ್ದು ಅವಳೇ. ರಟ್ಟನ್ನು ಉಳಿಸಿಕೊಂಡು ಕಾಗದ ಮಾತ್ರ ಕೊಡಬಹುದಿತ್ತು. ಯೋಚಿಸಿದಳು ಕೂಡ. ಅವರು ಹಾಗೆ ಕೊಟ್ಟವರಲ್ಲ.

ಮರುದಿನ ಹಲ್ವ ತೆಗೆದುಕೊಂಡು ಬಸ್ಸು ಹತ್ತಿದಳು.

“ವಕೀಲರು ಬರ್ಲಿಲ್ವಾ?” ಎಂದಳು ರಮ್ಲಾ.

“ತೀರಿಹೋದರು. ನಾನು ಹೆಂಡತಿ. ಇದು ನಿಮ್ಮದು.”

ರಮ್ಲಾ ರಟ್ಟಿನ ಕೆಂಪು ಅಕ್ಷರ ನೋಡುತ್ತ ನಿಂತಳು. ಆಮೇಲೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅಕ್ಕಿ ಪತ್ತಿರಿ ತಟ್ಟೆಗೆ ಹಾಕಿದಳು.

“ಸಹಿಗೆ ಬಂದಾಗ ನಾಲ್ಕು ತಿಂದಿದ್ರು ಅಮ್ಮಾ. ಮನೆಯಲ್ಲಿ ಹೇಳ್ಬೇಡಿ ಅಂದ್ರು.”

“ನನಗೆ ಗೊತ್ತಿತ್ತು” ಎಂದಳು ಕುಶಲಾ. ಅವಳೂ ತಿಂದಳು.

ಅಂದು ಮನೆಗೆ ಬಂದು ಅವಳು ಅನ್ನಕ್ಕೆ ಇಡಲಿಲ್ಲ.