ಪೂಲಜ್ಜನ ಎಡಗೈ

ಪೂಲಜ್ಜನ ಚರಿತ್ರೆ ಬರೆದುಕೊಡಿ ಎಂದು ಗಂಗಯ್ಯನವರು ನಮ್ಮ ಮನೆಗೆ ಬಂದಾಗ ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಅದೇ ಕೈಯಿಂದ ಕಣ್ಣು ಒರೆಸಿಕೊಂಡಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮುನವಳ್ಳಿಯಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ಹೆಂಗಸಿಗೆ ಬೇರೆ ಕೆಲಸವೇ ಇರುವುದಿಲ್ಲ ಎಂಬುದು ಇಲ್ಲಿಯವರ ದೃಢ ನಂಬಿಕೆ.

“ನಾಗರತ್ನಾ ಅಕ್ಕಾರ, ಇಪ್ಪತ್ತ ಪಾನಾ ಆದ್ರ ಸಾಕು. ಅಜ್ಜನ ಪವಾಡ ಒಂದಿಷ್ಟು ಜೋರ ಬರೀರಿ. ಅಜ್ಜ ನೀರಿನ ಮ್ಯಾಲ ನಡೀತಿದ್ದಾ ಅಂತ ನಮ್ಮವ್ವ ಹೇಳ್ತಾಳ, ಅದಂತೂ ಬರಬೇಕು ನೋಡ್ರಿ.”

“ನೀರಿನ ಮ್ಯಾಲ ನಡಿಯೂ ಮನಷ್ಯಾಗ ಪೂಲು ಯಾಕ ಬೇಕಾಗಿತ್ರಿ?” ಎಂದೆ.

ಗಂಗಯ್ಯನವರು ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಎದ್ದರು. ಅವರಿಗೆ ಗೊಬ್ಬರದ ಅಂಗಡಿ ಇದೆ, ಪೂಲಜ್ಜನ ಗುಡಿಯ ಜೀರ್ಣೋದ್ಧಾರ ಕಮಿಟಿಯ ಅಧ್ಯಕ್ಷಗಿರಿ ಇದೆ. ಪ್ರಶ್ನೆಗಳಿಗೆ ಉತ್ತರ ಮಾತ್ರ ಇಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮುನವಳ್ಳಿಯಿಂದ ಸವದತ್ತಿ ಕಡೆ ಹೋಗುವ ಹಳೆಯ ಬಂಡಿದಾರಿಯಲ್ಲಿ, ಹಿರೇಹಳ್ಳಕ್ಕೆ ಅಡ್ಡವಾಗಿ ಒಂದು ಕಲ್ಲಿನ ಸೇತುವೆ ಇದೆ. ನಮ್ಮ ಕಡೆ ಸೇತುವೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಪೂಲು ಎನ್ನಬೇಕು. ಆರು ಕಲ್ಲುಗಂಬ, ಮೇಲೆ ಹಾಸುಗಲ್ಲು. ಸುಣ್ಣವಿಲ್ಲ, ಗಾರೆಯಿಲ್ಲ. ಆರೇಳು ನೂರು ವರ್ಷದ್ದು ಎಂದು ಧಾರವಾಡದಿಂದ ಬಂದಿದ್ದ ಒಬ್ಬ ವಿದ್ವಾಂಸರು ಹೇಳಿ ಹೋದರು. ಈಚೆ ತುದಿಯಲ್ಲಿ ಬಂಡಿಯಷ್ಟು ಅಗಲದ ಗುಡಿ. ಅದರ ಮಗ್ಗುಲಲ್ಲೇ, ದಂಡೆಯ ಕಲ್ಲುಕಟ್ಟಡದೊಳಗೆ, ಒಬ್ಬ ಮನುಷ್ಯ ಕಾಲು ಮಡಚಿ ಮಲಗುವಷ್ಟು ಗವಿ. ಆ ಗವಿಯಲ್ಲಿದ್ದ ಸನ್ಯಾಸಿಯೇ ಪೂಲಜ್ಜ. ಅವನ ಹೆಸರು, ಊರು, ಕುಲ ಯಾರಿಗೂ ಗೊತ್ತಿಲ್ಲ. ಒಳ್ಳೆಯದೇ ಆಯಿತು, ಗೊತ್ತಾಗಿದ್ದರೆ ಅರ್ಧ ಊರು ಅವನಿಗೆ ಕೈ ಮುಗಿಯುವುದು ಬಿಡುತ್ತಿತ್ತು.

ಗುಡಿಯ ಹಿಂಗೋಡೆಯಲ್ಲಿ ಒಂದು ಮುರುಕು ಶಾಸನವಿದೆ. ಧಾರವಾಡದವರು ಅದನ್ನು ಓದಿ ನನಗೆ ಬರೆದುಕೊಟ್ಟಿದ್ದರು. ದಾಟುವವರು ಒಬ್ಬೊಬ್ಬರು ಒಂದೊಂದು ಕಲ್ಲು ತರುವುದು, ಗವಿಯಲ್ಲಿರುವವನು ಅದನ್ನು ಕಂಬದ ಬುಡಕ್ಕೆ ಇಡುವುದು. ಅಷ್ಟೇ. ನೀರಿನ ಮೇಲೆ ನಡಿಗೆಯಿಲ್ಲ, ಹುಲಿ ಸವಾರಿಯಿಲ್ಲ. ಮಳೆಗಾಲದಲ್ಲಿ ಹಳ್ಳದ ನೀರು ಕಂಬದ ಬುಡದ ಮಣ್ಣು ಕೊರೆಯುತ್ತದೆ, ಅಜ್ಜ ಬೇಸಿಗೆಯಲ್ಲಿ ಆ ತೂತಿಗೆ ಕಲ್ಲು ತುಂಬುತ್ತಿದ್ದ. ಪೂಲಜ್ಜ ರಿಪೇರಿ ಕೆಲಸದವನು ಎಂದು ಓದಿ ಹೇಳಿದಾಗ ಕಮಿಟಿಯವರ ಮುಖ ಹುಳಿ ಮಜ್ಜಿಗೆ ಕುಡಿದವರಂತಾಯಿತು.

ಕಲ್ಲು ತರುವ ಪದ್ಧತಿ ಈಗಲೂ ಇದೆ. ಪೂಲು ದಾಟುವವರು ಗುಡಿಯ ಮುಂದಿನ ಕಲ್ಲಿನ ಗುಂಪಿಗೆ ಒಂದು ಹಾಕಿ ಮುಂದೆ ಹೋಗುತ್ತಾರೆ. ಆ ಕಲ್ಲು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮೇಲಿನ ಓಣಿಯವರಿಗೆ ಗೊತ್ತಿಲ್ಲ. ಹೋಗುತ್ತಿದ್ದುದು ನೀಲಪ್ಪನ ಹೆಗಲ ಮೇಲೆ.

ನಾನು ಬರೆಯಬೇಕೆಂದಿದ್ದ ಚರಿತ್ರೆ ಇವನದು. ನೀಲಪ್ಪನಿಗೆ ಈಗ ಅರವತ್ತೆಂಟು. ಪೂಲಿನ ಆಚೆಯ ಹನ್ನೊಂದು ಮನೆಗಳ ಕೇರಿಯವನು. ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ ಇದೆ, ಪಕ್ಕದಲ್ಲಿ ಪೂಲಜ್ಜನ ಹೆಸರಿಗೆ ಒಂದು ಸಣ್ಣ ದೀಪವೂ ಇದೆ. ಇಬ್ಬರ ನಡುವೆ ಈವರೆಗೆ ಜಗಳವಾಗಿಲ್ಲ. ನಲವತ್ತೊಂದು ವರ್ಷಗಳಿಂದ ಅವನು ಪ್ರತಿ ಬೇಸಿಗೆಯಲ್ಲಿ ಗುಂಪಿನ ಕಲ್ಲು ಇಳಿಸಿ ಆರೂ ಕಂಬಗಳ ಬುಡ ತುಂಬುತ್ತಾನೆ. ಅವನ ಹಾರೆ, ಸುತ್ತಿಗೆ, ಬುಟ್ಟಿ ಇರುತ್ತಿದ್ದುದು ಅಜ್ಜನ ಗವಿಯಲ್ಲೇ. ಗುಡಿಯೊಳಗೆ ಬರಬೇಡ ಎಂದು ಅವನಿಗೆ ಯಾರೂ ಹೇಳಿಲ್ಲ, ಬಾ ಎಂದು ಯಾರೂ ಕರೆದೂ ಇಲ್ಲ. ಇದಕ್ಕೆ ನಮ್ಮಲ್ಲಿ ಸಾಮರಸ್ಯ ಎನ್ನುತ್ತಾರೆ, ಭಾಷಣದಲ್ಲಿ ಬರುತ್ತದೆ.

ಎಡಗೈಯ ಎರಡು ಬೆರಳು ಅವನಿಗಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾಲ್ಕನೇ ಕಂಬದ ಕಲ್ಲು ಜಾರಿ ಜಜ್ಜಿಹೋದವು. ಇದನ್ನೆಲ್ಲ ಯಾಕೆ ಮಾಡುತ್ತೀ ಎಂದು ನಾನು ಒಮ್ಮೆ ಕೇಳಿದ್ದೆ.

“ನಮ್ಮಪ್ಪ ಒಂದ ವರ್ಷ ಜ್ವರಾ ಬಂದು ಮಲಗಿದ್ದರಿ ಅಕ್ಕಾರ. ಬುಡಾ ತುಂಬಲಿಲ್ಲ. ಆ ಮಳಿಗಾಲದಾಗ ಮೂರನೇ ಕಂಬ ಕುಂತು ಹಾಸಗಲ್ಲು ಹೊರಳ್ತು. ಮ್ಯಾಲ ನನ್ನ ತಂಗಿ ಇದ್ದಳು, ಒಂಬತ್ತ ವರ್ಷದಾಕಿ. ಕೈ ಹಿಡಿದಿದ್ದೆ. ಜಾರ್ತು.”

ಅವನು ಇಷ್ಟೇ ಹೇಳಿ ಬೀಡಿ ಹಚ್ಚಿದ. ನಾನು ಅವತ್ತು ಮನೆಗೆ ಬಂದು ಅತ್ತೆ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಈಗ ಅವನ ಮೊಮ್ಮಗಳು ಸ್ನೇಹಲ್ ಅದೇ ಪೂಲಿನ ಮೇಲೆ ದಿನಾ ಕಾಲೇಜಿಗೆ ಹೋಗಿಬರುತ್ತಾಳೆ.

ಹೀಗಿರುವಾಗ ಕಮಿಟಿಗೆ ಭಕ್ತಿ ಉಕ್ಕಿತು. ದೇಗಾಂವದ ಕಮಲನಾರಾಯಣನ ಗುಡಿ ನೋಡಿಕೊಂಡು ಬಂದ ಗಂಗಯ್ಯನವರಿಗೆ ನಮ್ಮದೂ ಹಾಗೇ ಆಗಬೇಕೆನ್ನಿಸಿತು. ದೇಗಾಂವದಲ್ಲಿ ಇರುವುದು ಕೆತ್ತನೆ. ನಮ್ಮಲ್ಲಿ ಬೈಲಹೊಂಗಲದ ಟೈಲ್ಸ್ ಅಂಗಡಿ ಹತ್ತಿರವಿತ್ತು. ಮೇ ತಿಂಗಳಲ್ಲಿ ಕಲ್ಲಿನ ಗುಂಪಿಗೆ ವಿಭೂತಿ ಹಚ್ಚಿ, ಸಿಮೆಂಟು ಸುರಿದು, ಸುತ್ತ ಗುಲಾಬಿ ಬಣ್ಣದ ಟೈಲ್ಸ್ ಕೂರಿಸಿ ಕಲ್ಲುಗಳನ್ನು ದೇವರು ಮಾಡಿದರು. ಗವಿಗೆ ಕಬ್ಬಿಣದ ಗ್ರಿಲ್ ಬಂತು, ಗ್ರಿಲ್ಲಿಗೆ ಕೀಲಿ ಬಿತ್ತು. ಒಳಗೆ ನೀಲಪ್ಪನ ಹಾರೆ, ಸುತ್ತಿಗೆ, ಬುಟ್ಟಿ ಸಮಾಧಿಯಾದವು.

ಮಳೆಗೆ ಮೂರು ವಾರ ಇತ್ತು. ನೀಲಪ್ಪ ಗಂಗಯ್ಯನವರ ಅಂಗಡಿ ಮುಂದೆ ಹೋಗಿ ನಿಂತ. ನಾನು ಒಳಗೆ ಬೇವಿನ ಹಿಂಡಿ ಕೊಳ್ಳುತ್ತಿದ್ದೆ, ಎಲ್ಲ ಕೇಳಿಸಿತು.

“ಸಾಹೇಬ್ರ, ಕೀಲಿ ಒಂದೀಟ ಕೊಡ್ರಿ. ಹಾರಿ ತಗೋತೇನಿ. ಮೂರನೇ ಕಂಬದ ಬುಡಾ ಮೊಳಕಾಲಷ್ಟು ಕೊರದೈತಿ.”

“ಅದು ಈಗ ಗರ್ಭಗುಡಿ ಇದ್ದಂಗಪಾ. ಮುಟ್ಟಾಕ ಬರೂದಿಲ್ಲ. ಮತ್ತ ಕಲ್ಲಂತೂ ಪ್ರತಿಷ್ಠಾಪನಾ ಆಗ್ಯಾವು.”

“ಪೂಲು ಬಿದ್ದರ?”

“ಅಜ್ಜ ಇದ್ದಾನಲ್ಲ, ನೋಡ್ಕೋತಾನ.”

ಆರು ನೂರು ವರ್ಷದ ಹಿಂದೆ ಸತ್ತವನ ಮೇಲೆ ಇಷ್ಟು ಕೆಲಸ ಹೊರಿಸುವ ಧೈರ್ಯ ಕಮಿಟಿಯವರಿಗೇ ಬರಬೇಕು. ನಾನೂ ಬಾಯಿ ಹಾಕಿದೆ, ಶಾಸನದ ಮಾತು ಹೇಳಿದೆ. ಅದನ್ನೆಲ್ಲ ಪುಸ್ತಕದಲ್ಲಿ ಬರೀರಿ ಅಕ್ಕಾರ ಎಂದರು. ಬರೆದರೆ ಯಾರೂ ಓದುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಮಿಟಿಯವರಿಗೆ ಗೊತ್ತಿಲ್ಲದ ಸಂಗತಿಯೂ ಒಂದಿತ್ತು. ಆ ಗವಿಗೆ ಕೆಳಗಿನಿಂದ ಇನ್ನೊಂದು ಬಾಯಿ ಇದೆ. ಕಲ್ಲು ಇಳಿಸಲು ಅಜ್ಜನೇ ಬಿಟ್ಟುಕೊಂಡಿರಬೇಕು. ಹಳ್ಳಕ್ಕೆ ಇಳಿದು, ಪೂಲಿನ ಅಡಿಗೆ ಹೋಗಿ, ತಲೆ ಬಗ್ಗಿಸಿ ಏರಿದರೆ ಸೀದಾ ಗವಿಯೊಳಗೆ. ಕಮಿಟಿಯ ಹದಿಮೂರು ಸದಸ್ಯರಲ್ಲಿ ಒಬ್ಬರೂ ಹುಟ್ಟಿದಾಗಿನಿಂದ ಪೂಲಿನ ಅಡಿಗೆ ಇಳಿದವರಲ್ಲ. ಅಲ್ಲಿ ಕೆಸರಿರುತ್ತದೆ.

ಕೇಳಿಯೇ ತೆಗೆದುಕೊಳ್ಳೋಣವೆಂದಿದ್ದ ನೀಲಪ್ಪ ಕಡೆಗೆ ಆ ಬಾಯಿಂದಲೇ ಹಾರೆ ತೆಗೆದ. ಕಲ್ಲಿನ ತೊಡಕನ್ನು ಅವನ ಹೆಂಡತಿ ಕೃಷ್ಣವ್ವ ಬಗೆಹರಿಸಿದಳು. “ಕಲ್ಲ ತರ್ರಿ ಅಂತ ಅಜ್ಜ ಹೇಳ್ಯಾನ. ಟೈಲ್ಸ್ ಮ್ಯಾಲ ಹಾಕ್ರಿ ಅಂತ ಹೇಳ್ಯಾನೇನು?” ಎಂದಳಂತೆ. ಮಾರನೆಯ ದಿನದಿಂದ ಕೇರಿಯವರು ಕೆಲಸಕ್ಕೆ ಹೋಗುವಾಗ ಒಂದು, ಬರುವಾಗ ಒಂದು ಕಲ್ಲು ತಂದು ನೇರ ಹಳ್ಳಕ್ಕೆ ಇಳಿಸಿದರು. ಸ್ನೇಹಲ್ ಕಾಲೇಜಿನ ಚೀಲದಲ್ಲೇ ತಂದಳು. ಮೇಲೆ ಕಮಿಟಿಯವರು ಕಮಾನು ಎಲ್ಲಿ ನಿಲ್ಲಿಸುವುದೆಂದು ವಾದ ಮಾಡುತ್ತಿದ್ದರು, ಅವರ ಪಾದದ ಕೆಳಗೆ ನೀಲಪ್ಪ ಬುಡ ತುಂಬುತ್ತಿದ್ದ.

ಎಡವಟ್ಟಾದದ್ದು ಒಂದು ಸೋಮವಾರ ಮಧ್ಯಾಹ್ನ. ಗಂಗಯ್ಯನವರ ತಾಯಿ ತಂಗೆವ್ವ ಎಡೆ ಹಿಡಿದು ಗವಿಗೆ ಬಂದರು. ಎಂಬತ್ತು ದಾಟಿದವರು, ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಎಂದರೆ ಜಗಳಕ್ಕೆ ಬರುತ್ತಿದ್ದರು. ಗ್ರಿಲ್ಲಿನ ಸಂದಿಯಿಂದ ಹೋಳಿಗೆಯ ತಾಟು ಒಳಗೆ ಸರಿಸಿ ಮುಖ ಎತ್ತಿದರೆ, ಕೀಲಿ ಹಾಕಿದ ಗವಿಯೊಳಗೆ ಒಬ್ಬ ಮುದುಕ. ತಲೆಗೆ ರುಮಾಲು, ಮೈತುಂಬ ಬೂದಿ ಬಣ್ಣ. ಹಾರೆ ಇಡಲು ಬಂದಿದ್ದ ನೀಲಪ್ಪ, ಮೈಮೇಲೆ ಒಣಗಿದ ಕೆಸರು. ಗಾಬರಿಯಾಗಿ, ಕೂಗಬೇಡಿ ಎನ್ನುವಂತೆ ಎಡಗೈಯನ್ನು ಅವರ ಮುಖದ ಮುಂದೆಯೇ ಎತ್ತಿದ. ತಂಗೆವ್ವ ಅದನ್ನು ಆಶೀರ್ವಾದ ಎಂದು ತಿಳಿದು ಅಡ್ಡಬಿದ್ದರು. ಎದ್ದು ನೋಡಿದರೆ ಅಜ್ಜ ಇಲ್ಲ, ಹೋಳಿಗೆಯೂ ಇಲ್ಲ.

ನೀಲಪ್ಪ ಸಂಜೆ ಬಂದು ನನಗೆ ಎಲ್ಲ ಹೇಳಿದ. “ಹಸಿವಿ ಆಗಿತ್ತರಿ ಅಕ್ಕಾರ. ಅವರು ನನ್ನ ಮುಂದನ ಇಟ್ಟರು.”

ನಲವತ್ತೊಂದು ವರ್ಷ ಕಣ್ಣ ಮುಂದೆ ಓಡಾಡಿದವನ ಗುರುತು ತಂಗೆವ್ವನಿಗೆ ಯಾಕೆ ಸಿಗಲಿಲ್ಲ ಎಂದು ಕೇಳಬೇಡಿ. ಪೊರೆಯೊಂದೇ ಕಾರಣವಲ್ಲ. ಆ ಮುಖವನ್ನು ಅವರು ಎಂದೂ ನೋಡಿರಲೇ ಇಲ್ಲ.

ಜೂನ್ ಕೊನೆಗೆ ಮಳೆ ಹೊಡೆಯಿತು. ಹಳ್ಳ ಎರಡು ದಿನ ಹಾಸುಗಲ್ಲಿನ ಮೇಲೆ ಹರಿಯಿತು. ನೀಲಪ್ಪ ಆಚೆ ದಂಡೆಯಲ್ಲಿ ಗೊಬ್ಬರದ ಚೀಲ ಹೊದ್ದು ಕುಕ್ಕರಗಾಲಲ್ಲಿ ಕೂತು ಮೂರನೇ ಕಂಬದ ಕಡೆಯೇ ನೋಡುತ್ತಿದ್ದ. ಈಚೆ ದಂಡೆಯಲ್ಲಿ ಕೊಡೆ ಹಿಡಿದು ನಾನೂ ಅದನ್ನೇ ನೋಡುತ್ತ ನಿಂತಿದ್ದೆ. ಪ್ಲೈವುಡ್ ಕಮಾನು ಮೊದಲ ದಿನವೇ ಹೋಯಿತು. ಗುಲಾಬಿ ಟೈಲ್ಸ್ ಎರಡನೇ ದಿನ ಹೋದವು, ಪ್ರತಿಷ್ಠಾಪನೆಯಾದ ಕಲ್ಲುಗಳು ಸಿಮೆಂಟಿನ ಹೆಂಟೆ ಸಮೇತ ಉರುಳಿ ಹಳ್ಳ ಸೇರಿದವು. ನೀರು ಇಳಿದಾಗ ಪೂಲು ಹಾಗೇ ನಿಂತಿತ್ತು. ಸ್ನೇಹಲ್ ಅದರ ಮೇಲೆ ನಡೆದು ಕಾಲೇಜಿಗೆ ಹೋದಳು.

ಊರಿಗೆ ಕಾರಣ ಗೊತ್ತಾಗಲು ತಡವಾಗಲಿಲ್ಲ. ಪೂಲಜ್ಜ ಪ್ರತ್ಯಕ್ಷನಾಗಿದ್ದಾನೆ, ತಂಗೆವ್ವನ ಎಡೆ ಸ್ವೀಕರಿಸಿ ಪೂಲು ಕಾದಿದ್ದಾನೆ. ನಾನು ಗಂಗಯ್ಯನವರ ಮನೆಗೆ ಹೋಗಿ ಗವಿಯ ಕೆಳಬಾಯಿ, ಹಾರೆ, ಹೋಳಿಗೆ ಎಲ್ಲ ಬಿಡಿಸಿ ಹೇಳಿದೆ.

“ಅಂದ್ರ ನಮ್ಮವ್ವ ಸುಳ್ಳ ಹೇಳ್ತಾಳೇನ್ರಿ?” ಎಂದರು.

ಕಮಿಟಿಗೆ ಬರೆದುಕೊಟ್ಟಿದ್ದ ನನ್ನ ಇಪ್ಪತ್ತು ಪುಟ ವಾಪಸು ಬಂತು. ನೀಲಪ್ಪನ ಹೆಸರಿದ್ದ ಕಡೆಯಲ್ಲೆಲ್ಲ ಗೀಟು ಎಳೆದಿದ್ದರು. ಸತ್ತ ಅಜ್ಜ ಎದ್ದು ಬಂದು ಕಲ್ಲು ಹೊತ್ತ ಎಂದು ನಂಬುವುದು ಅವರಿಗೆ ಸಲೀಸು, ಕೇರಿಯ ನೀಲಪ್ಪ ಹೊತ್ತ ಎಂದು ನಂಬುವುದು ಕಠಿಣ.

ತಂಗೆವ್ವ ಹೇಳಿದಂತೆ ರಾಮದುರ್ಗದ ಪೇಂಟರ್ ಲಗಮಣ್ಣ ಅಜ್ಜನ ಚಿತ್ರ ಬರೆದ. ರುಮಾಲು, ಬೂದಿ ಮೈ, ಎತ್ತಿದ ಎಡಗೈ, ಅದರಲ್ಲಿ ಮೂರೇ ಬೆರಳು. ಎರಡನ್ನು ಶಿವನಿಗೆ ಅರ್ಪಿಸಿದ್ದಾನೆ ಎಂದು ಕಮಿಟಿ ಸಭೆ ಕರೆದು ಠರಾವು ಮಾಡಿತು. ಅಜ್ಜನನ್ನು ಸ್ಪಷ್ಟವಾಗಿ ನೋಡಬೇಕೆಂಬ ಆಸೆಗೆ ತಂಗೆವ್ವ ಕಡೆಗೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು.

ಶ್ರಾವಣ ಸೋಮವಾರ ಗುಡಿಯ ಮೆಟ್ಟಿಲ ಮೇಲೆ ಚಿತ್ರದ ಅನಾವರಣ. ಇಡೀ ಊರು ಸೇರಿತ್ತು. ನೀಲಪ್ಪನೂ ಕೃಷ್ಣವ್ವನೂ ಕೇರಿಯವರ ಜೊತೆ ಬಂದಿದ್ದರು. ಅವನು ಪರದೆ ಸರಿದ ಚಿತ್ರವನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ವಾಲಿ, “ಮೂಗು ನಂದಕ್ಕಿಂತ ಚಲೋ ತಗದಾನ್ರಿ ಅಕ್ಕಾರ” ಎಂದ. ನನಗೆ ನಗು ಬರಲಿಲ್ಲ.

“ನೀಲ್ಯಾ, ಅತ್ತಾಗ ಸರಿ, ಫೋಟೋದ ಮ್ಯಾಲ ನೆರಳ ಬೀಳಾಕತ್ತೈತಿ,” ಎಂದರು ಗಂಗಯ್ಯನವರು. ನೀಲಪ್ಪ ಸರಿದ. ಸರಿದು, ತನ್ನದೇ ಚಿತ್ರಕ್ಕೆ ಕೈ ಮುಗಿದ.

ಅಷ್ಟರಲ್ಲಿ ತಂಗೆವ್ವ ಮೈಕಿನ ಮುಂದೆ ನಿಂತು ಹೇಳುತ್ತಿದ್ದರು. “ಅಜ್ಜ ಹಿಂಗ ಕೈ ಎತ್ತಿದಾ, ನಾ ನೋಡಿದೆ, ಮೂರ ಬೆರಳ...” ಮಾತು ನಿಂತಿತು. ಹೊಸ ಕಣ್ಣು ಮೆಟ್ಟಿಲ ಕೆಳಗೆ ಮುಗಿದಿದ್ದ ಕೈಗಳ ಮೇಲೆ ಬಿದ್ದಿತ್ತು. ಚಿತ್ರ ನೋಡಿದರು, ಕೈ ನೋಡಿದರು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಅವನ ಮುಖ ನೋಡಿದರು. ಗಂಗಯ್ಯನವರು, ಮುಂದ ಹೇಳು ಅವ್ವಾ, ಎಂದು ತಿವಿದರು.

ತಂಗೆವ್ವ ಹೇಳಿದರು. “ನೀಲಪ್ಪಾ, ಅವತ್ತಿನ ಹೋಳಿಗಿಗೆ ಬೆಲ್ಲ ಕಡಿಮಿ ಬಿದ್ದಿತ್ತೇನೋ?”

ನೀಲಪ್ಪ ತಲೆ ತಗ್ಗಿಸಿ, “ಇಲ್ಲರೀ ಅವ್ವಾರ, ಬರೋಬ್ಬರಿ ಇತ್ತು,” ಎಂದ.

ಮೈಕು ಚಾಲೂ ಇತ್ತು.